ಪಶುವೈದ್ಯರ ತಲೆಯೊಳಗಿನ ಭೂಪಟ

ನಾಯಿ ಮಂಕಾಗಿದೆ, ಊಟ ಬಿಟ್ಟಿದೆ, ಮೂಗಿನಿಂದ ರಕ್ತ ತೊಟ್ಟಿಕ್ಕುತ್ತಿದೆ. ಬೆಂಗಳೂರಿನಲ್ಲಿ ಪಶುವೈದ್ಯರ ಬಾಯಿಂದ ಮೊದಲು ಬರುವ ಮಾತು: ‘ಟಿಕ್ ಫೀವರ್ ಇರಬೇಕು, ಪ್ಲೇಟ್‌ಲೆಟ್ ನೋಡೋಣ.’ ಅದೇ ನಾಯಿಯನ್ನು ಆಸ್ಟ್ರೇಲಿಯಾದ ಪರ್ತ್‌ನ ದಕ್ಷಿಣದ ಬಡಾವಣೆ ಕ್ಯಾನಿಂಗ್ ವೇಲ್‌ನಲ್ಲಿ ತೋರಿಸಿದಿರಿ ಎನ್ನಿ. ಬೇಸಿಗೆಯಾದರೆ ಮೂಗಿನೊಳಗೆ ಹುಲ್ಲಿನ ಬೀಜ ಹೊಕ್ಕಿದೆಯೇ ಎಂದು ನೋಡುತ್ತಾರೆ. ಇಲಿ ಪಾಷಾಣ ತಿಂದಿತೇ ಎಂದು ಕೇಳುತ್ತಾರೆ. ಎರಡೂ ಅಲ್ಲವಾದರೆ, ದೇಹದ ರಕ್ಷಣಾ ವ್ಯವಸ್ಥೆಯೇ ಪ್ಲೇಟ್‌ಲೆಟ್‌ಗಳ ಮೇಲೆ ತಿರುಗಿಬಿದ್ದಿದೆ ಎಂದು ಶಂಕಿಸಿ ಸ್ಟೆರಾಯ್ಡ್ ಕೊಡುತ್ತಾರೆ.

ಮೂರೂ ವಿವೇಕದ ಊಹೆಗಳೇ. ಆದರೂ ಮೂರೂ ತಪ್ಪಾಗಬಹುದು. ಆಗ ನಾಯಿ ಸೊರಗುತ್ತದೆ, ಬಿಲ್ಲು ಬೆಳೆಯುತ್ತದೆ. ಅಲ್ಲಿ ಮನುಷ್ಯರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ನಾಯಿಗಿಲ್ಲ. ‘ನಮ್ಮೂರಲ್ಲಾಗಿದ್ದರೆ ಕಾಂಪೌಂಡರ್ ಕೂಡ ಹೇಳುತ್ತಿದ್ದ’ ಎಂದು ಮನೆಯವರು ರೇಗುವುದು ಸಹಜ. ನನ್ನ ಮಟ್ಟಿಗೆ ಆ ಸಿಟ್ಟು ನ್ಯಾಯವಾದದ್ದೇ, ಆದರೆ ಅರ್ಧ ಮಾತ್ರ.

ಏಕೆಂದರೆ 2020ರ ಮೇ ತಿಂಗಳವರೆಗೆ ಬೆಂಗಳೂರಿನ ವೈದ್ಯರು ಶಂಕಿಸುವ ಈ ‘ಟಿಕ್ ಫೀವರ್’ ಆಸ್ಟ್ರೇಲಿಯಾದ ನೆಲದಲ್ಲಿ ಇಲ್ಲವೆಂದೇ ಎಲ್ಲರೂ ನಂಬಿದ್ದರು. ಇದನ್ನು ತರುವ ಎರ್ಲಿಕಿಯಾ ಕ್ಯಾನಿಸ್ ಎಂಬ ಬ್ಯಾಕ್ಟೀರಿಯಾವನ್ನು ಮೊದಲು ಗುರುತಿಸಿದ್ದು 1935ರಲ್ಲಿ, ಅಲ್ಜೀರಿಯಾದಲ್ಲಿ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ನೂರಾರು ಸೇನಾ ನಾಯಿಗಳನ್ನು, ಮುಖ್ಯವಾಗಿ ಜರ್ಮನ್ ಶೆಫರ್ಡ್‌ಗಳನ್ನು, ಕೊಂದದ್ದು ಇದೇ. ಹರಡುವುದು ಕಂದು ನಾಯಿ ಉಣ್ಣೆ. ಆ ಉಣ್ಣೆ ಆಸ್ಟ್ರೇಲಿಯಾದಲ್ಲಿ ಹಳೆಯ ನಿವಾಸಿ; ಅದರ ಹೊಟ್ಟೆಯಲ್ಲಿ ಈ ಬ್ಯಾಕ್ಟೀರಿಯಾ ಮಾತ್ರ ಇರಲಿಲ್ಲ. 2020ರಲ್ಲಿ ಪರ್ತ್‌ನಿಂದ ರಸ್ತೆಯಲ್ಲಿ ಸುಮಾರು 3,000 ಕಿ.ಮೀ. ಉತ್ತರದ ಕುನುನುರ‍್ರಾದ ನಾಯಿಗಳಲ್ಲಿ ಅದು ಸಿಕ್ಕಿತು. ಆಮೇಲೆ ನಾರ್ದರ್ನ್ ಟೆರಿಟರಿಯಲ್ಲಿ, ಅಡಿಲೇಡ್‌ನಿಂದ ಬಹುದೂರದ ದಕ್ಷಿಣ ಆಸ್ಟ್ರೇಲಿಯಾದ ಉತ್ತರ ಭಾಗದಲ್ಲೂ ಕಾಣಿಸಿತು. ಚಳಿಗಾಲ ಬಂತೆಂದರೆ ಪರ್ತ್‌ನವರು ಕ್ಯಾರವಾನ್ ಕಟ್ಟಿಕೊಂಡು, ನಾಯಿಯನ್ನೂ ಹತ್ತಿಸಿಕೊಂಡು ಬೆಚ್ಚನೆಯ ಉತ್ತರಕ್ಕೆ ಹೊರಡುತ್ತಾರೆ. ರೋಗಕ್ಕೂ ಅದೇ ದಾರಿ.

ವೈದ್ಯರು ಲಕ್ಷಣ ನೋಡುವ ಮೊದಲೇ ‘ಈ ಊರಲ್ಲಿ ಯಾವುದು ಹೆಚ್ಚು’ ಎಂಬ ಲೆಕ್ಕ ಅವರ ತಲೆಯಲ್ಲಿ ಓಡುತ್ತಿರುತ್ತದೆ. ಹಿಂಗಾಲು ಸೋತು ತೂರಾಡುವ ನಾಯಿಯನ್ನೇ ತೆಗೆದುಕೊಳ್ಳಿ. ಬ್ರಿಸ್ಬೇನ್‌ನಲ್ಲಿ ಮೊದಲು ಹುಡುಕುವುದು ಪೂರ್ವ ಕರಾವಳಿಯ ಪಾರ್ಶ್ವವಾಯು ಉಣ್ಣೆಯನ್ನು. ಪರ್ತ್‌ನಲ್ಲಿ ಆ ಉಣ್ಣೆಯಿಲ್ಲ. ಅಲ್ಲಿ ಡ್ಯೂಗೈಟ್ ಅಥವಾ ಟೈಗರ್ ಹಾವಿನ ಕಡಿತದ ನೆನಪಾಗುತ್ತದೆ. ಕರ್ನಾಟಕದಲ್ಲಾದರೆ ಡಿಸ್ಟೆಂಪರ್, ಅದಕ್ಕಿಂತ ಮೊದಲು ರೇಬಿಸ್. ವೈದ್ಯರು ಕೈಗವಸು ಹಾಕದೆ ಮುಟ್ಟುವುದಿಲ್ಲ. ನಾಯಿ ಒಂದೇ, ಮೂರು ಊರಿನಲ್ಲಿ ಮೂರು ಊಹೆ.

ಪರೀಕ್ಷೆ ಮಾಡಿಸಿಬಿಟ್ಟರೆ ತೀರಿತಲ್ಲ ಎನ್ನಬಹುದು. ಅಲ್ಲೂ ಊರು ಬಂದು ಕೂರುತ್ತದೆ. ಲೆಕ್ಕಕ್ಕೆಂದು ಒಂದು ಪರೀಕ್ಷೆ ಕಲ್ಪಿಸಿಕೊಳ್ಳಿ: ರೋಗವಿದ್ದ ನಾಯಿಯನ್ನು ಎಂದೂ ಬಿಡುವುದಿಲ್ಲ, ರೋಗವಿಲ್ಲದ ನೂರರಲ್ಲಿ ಐದನ್ನು ಮಾತ್ರ ತಪ್ಪಾಗಿ ‘ಪಾಸಿಟಿವ್’ ಎನ್ನುತ್ತದೆ. ಸಾವಿರ ನಾಯಿಗಳಲ್ಲಿ ಮುನ್ನೂರಕ್ಕೆ ರೋಗವಿರುವ ಊರಿನಲ್ಲಿ 335 ಪಾಸಿಟಿವ್ ಬಂದರೆ 300 ನಿಜ. ಸಾವಿರಕ್ಕೆ ಒಂದೇ ನಾಯಿಗೆ ರೋಗವಿರುವ ಊರಿನಲ್ಲಿ ಸುಮಾರು 51 ಪಾಸಿಟಿವ್ ಬರುತ್ತವೆ, ಅವುಗಳಲ್ಲಿ ನಿಜ ಒಂದೇ! ಅದೇ ಕಿಟ್, ಅದೇ ಗೆರೆ. ಅಪರೂಪದ ರೋಗಕ್ಕೆ ಕಂಡಕಂಡ ನಾಯಿಯನ್ನೆಲ್ಲ ಪರೀಕ್ಷಿಸಲು ವೈದ್ಯರು ಹಿಂಜರಿಯುವುದು ಸೋಮಾರಿತನದಿಂದಲ್ಲ.

ಹಾಗೆಂದು ಅವರ ಊಹೆಯನ್ನು ಪೂರ್ತಿ ನಂಬುವಂತೆಯೂ ಇಲ್ಲ. ಈ ಟಿಕ್ ಫೀವರ್‌ನ ಕುತಂತ್ರವೇ ಬೇರೆ. ಉಣ್ಣೆ ಕಚ್ಚಿ ಒಂದರಿಂದ ಮೂರು ವಾರದೊಳಗೆ ಜ್ವರ ಬಂದು, ಎರಡರಿಂದ ನಾಲ್ಕು ವಾರ ಕಾಡಿ, ಎಷ್ಟೋ ಸಲ ಔಷಧಿಯಿಲ್ಲದೆಯೇ ಇಳಿಯುತ್ತದೆ. ಆ ಹೊತ್ತಿಗೆ ಯಾವ ಮಾತ್ರೆ ಕೊಟ್ಟಿದ್ದರೂ ಅದಕ್ಕೇ ಕೀರ್ತಿ. ಬ್ಯಾಕ್ಟೀರಿಯಾ ಮಾತ್ರ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸದ್ದಿಲ್ಲದೆ ಒಳಗಿರುತ್ತದೆ. ಮತ್ತೆ ಎದ್ದಾಗ ಅಸ್ಥಿಮಜ್ಜೆಗೇ ಕೈ ಹಾಕುತ್ತದೆ, ಆಗ ಉಳಿಸುವುದು ಕಷ್ಟ. ಪ್ಲೇಟ್‌ಲೆಟ್ ಕುಸಿತದಲ್ಲಿ ರಕ್ಷಣಾ ವ್ಯವಸ್ಥೆಯ ಕೈವಾಡವೂ ಇರುವುದರಿಂದ ಸ್ಟೆರಾಯ್ಡ್ ಕೊಟ್ಟರೂ ಕೆಲವು ದಿನ ಸಂಖ್ಯೆ ಏರಬಹುದು. ತಪ್ಪು ರೋಗನಿರ್ಣಯ ಸರಿಯೆಂದೇ ತೋರುವುದು ಹೀಗೆ. ನಮ್ಮೂರಿನವರೂ ಬೀಗುವಂತಿಲ್ಲ: ಜ್ವರ ಬಂದ ನಾಯಿಗೆಲ್ಲ ಈ ರೋಗದ ಔಷಧಿ ಡಾಕ್ಸಿಸೈಕ್ಲಿನ್ ಬರೆದು, ಹುಷಾರಾದದ್ದನ್ನೆಲ್ಲ ‘ಟಿಕ್ ಫೀವರ್’ ಖಾತೆಗೆ ಸೇರಿಸುವುದೂ ಊಹೆಯೇ.

ತಲೆಯೊಳಗಿನ ಭೂಪಟ ಉಲ್ಟಾ ಕೈಕೊಡುವುದೂ ಉಂಟು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ, ಭಾರತಕ್ಕೆ ಕಾಲಿಡದ ಹಳದಿ ಜ್ವರ ಬಂದೇ ಬಿಟ್ಟಿತೇ ಎಂಬ ಅನುಮಾನ ಮೂಡಿತ್ತು. ಮಂಗಗಳನ್ನು ಕೊಲ್ಲುವ ಕಾಡುಜ್ವರವೆಂದರೆ ಅದೇ ಎಂದು ಆಗಿನ ತಿಳಿವಳಿಕೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ವೈರಸ್ ಬೇರ್ಪಡಿಸಿ ನೋಡಿದರೆ ಅದು ಹೊಸತೇ. ಹರಡುತ್ತಿದ್ದದ್ದು ಅಲ್ಲೂ ಉಣ್ಣೆ.

ಕ್ಯಾನಿಂಗ್ ವೇಲ್‌ಗೆ ಮರಳಿದರೆ, ವೈದ್ಯರಿಗಿಲ್ಲದ ಒಂದು ಮಾಹಿತಿ ಮನೆಯವರ ಬಳಿ ಇರುತ್ತದೆ: ನಾಯಿ ಎಲ್ಲೆಲ್ಲಿ ಇತ್ತು ಎಂಬುದು. ಕಳೆದ ವಾರದ್ದಷ್ಟೇ ಹೇಳಿದರೆ ಸಾಲದು. ಎರಡು ವರ್ಷದ ಹಿಂದೆ ಉತ್ತರದ ಬ್ರೂಮ್‌ಗೆ ಹೋಗಿದ್ದು, ಅದೇ ಉತ್ತರದ ಕಿಂಬರ್ಲಿ ಪ್ರದೇಶದಿಂದ ದತ್ತು ತಂದದ್ದು, ಮೈಮೇಲೆ ಎಂದೋ ಉಣ್ಣೆ ಕಂಡದ್ದು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆ ಒಂದು ಮಾತಿನಿಂದ ‘ಸಾವಿರಕ್ಕೆ ಒಂದು’ ಹೋಗಿ ಇನ್ನೊಂದು ಲೆಕ್ಕ ಶುರುವಾಗುತ್ತದೆ. ಶಂಕೆ ಬಂದರೆ ಸರ್ಕಾರಕ್ಕೆ ತಿಳಿಸಬೇಕಾದ ರೋಗ ಇದು. ಇನ್ನೊಬ್ಬರ ಅಭಿಪ್ರಾಯ ಬೇಕಿದ್ದರೆ ಮರ್ಡಾಕ್ ವಿಶ್ವವಿದ್ಯಾಲಯದ ಪಶು ಆಸ್ಪತ್ರೆಯೂ ದೂರವಿಲ್ಲ. ಸೋಂಕಿನ ಮೊದಲ ವಾರಗಳಲ್ಲಿ ಪ್ರತಿಕಾಯ ಪರೀಕ್ಷೆ ಸುಳ್ಳೇ ‘ನೆಗೆಟಿವ್’ ಹೇಳಬಹುದು, ಆಗ ಪಿಸಿಆರ್ ಮೇಲು. ಪಿಸಿಆರ್‌ಗೆ ರಕ್ತವನ್ನು ಡಾಕ್ಸಿಸೈಕ್ಲಿನ್‌ನ ಮೊದಲ ಮಾತ್ರೆಗೆ ಮುಂಚೆಯೇ ತೆಗೆಸಬೇಕು. ಮಾತ್ರೆ ಕೆಲಸ ಆರಂಭಿಸಿದ ಮೇಲೆ ರಕ್ತದಲ್ಲಿ ಬ್ಯಾಕ್ಟೀರಿಯಾದ ಸುಳಿವೇ ಸಿಗದಿರಬಹುದು.