ಇರಾನಿನ ಚಲಚ್ಚಿತ್ರವೂ ನಿರ್ಬಂಧದ ವಾದವೂ

ಇರಾನ್ ದೇಶದ ಚಲಚ್ಚಿತ್ರಗಳನ್ನು ಕುರಿತು ಬರೆಯುವವರಲ್ಲಿ ಒಂದು ಮಾತು ರೂಢಿಗೆ ಬಂದಿದೆ. ರಾಜ್ಯಶಾಸನದ ನಿರ್ಬಂಧವು ಕಠಿನವಾಗಿದ್ದುದರಿಂದಲೇ ಅಲ್ಲಿಯ ಕಲೆಯು ಸೂಕ್ಷ್ಮವಾಯಿತೆಂದೂ, ನೇರವಾಗಿ ಆಡಲಾರದುದನ್ನು ಸೂಚಿಸಿ ಆಡುವ ವಿದ್ಯೆಯನ್ನು ನಿರ್ದೇಶಕರು ಸೆನ್ಸಾರಿನ ಭಯದಿಂದ ಕಲಿತರೆಂದೂ ಅವರು ಹೇಳುವರು. ಕೇಳುವುದಕ್ಕೆ ಈ ಮಾತು ಚೆನ್ನಾಗಿಯೇ ಇದೆ. ಆದರೆ ಚರಿತ್ರೆಯನ್ನು ಮೊದಲಿನಿಂದ ನೋಡುತ್ತ ಬಂದರೆ ಇದು ಅರ್ಧಸತ್ಯವೆಂದು ತೋರಿಬರುತ್ತದೆ.

ಅಲ್ಲಿ ಸಿನಿಮಾ ಹುಟ್ಟಿದುದು ಅರಮನೆಯ ವಿನೋದವಾಗಿ. ೧೯೦೦ನೆಯ ಇಸವಿಯಲ್ಲಿ ಮುಜಫ್ಫರುದ್ದೀನ್ ಷಾ ಯೂರೋಪಿಗೆ ಹೋದಾಗ, ಆಸ್ಥಾನದ ಛಾಯಾಗ್ರಾಹಕನಾದ ಮಿರ್ಜಾ ಇಬ್ರಾಹಿಂ ಖಾನನು ಬೆಲ್ಜಿಯಮ್ಮಿನ ಓಸ್ಟೆಂಡ್ ನಗರದ ಪುಷ್ಪೋತ್ಸವವನ್ನು ಚಿತ್ರಿಸಿದನು. ೧೯೦೪ರಲ್ಲಿ ಟೆಹರಾನಿನ ಜನಕ್ಕೂ ಚಿತ್ರ ನೋಡುವ ಅವಕಾಶವಾಯಿತು. ಮೊದಲ ಕಥಾಚಿತ್ರವಾದ ‘ಆಬಿ ಮತ್ತು ರಾಬಿ’ಯನ್ನು ಓಹಾನಿಯನ್ ಎಂಬವರು ತೆಗೆದುದು ೧೯೩೦ರಲ್ಲಿ, ಈ ಮೂಕಚಿತ್ರದ ಪ್ರತಿಯು ಈಗ ಉಳಿದಿಲ್ಲ.

ಫಾರಸಿ ಭಾಷೆಯ ಮೊದಲ ವಾಕ್ಚಿತ್ರವಾದರೋ ಸಿದ್ಧವಾದುದು ಇರಾನಿನಲ್ಲಲ್ಲ, ಮುಂಬಯಿಯಲ್ಲಿ. ೧೯೩೧ರಲ್ಲಿ ‘ಆಲಂ ಆರಾ’ವನ್ನು ಹೊರತಂದ ಅರ್ದೇಶಿರ್ ಇರಾನಿಯವರ ಇಂಪೀರಿಯಲ್ ಕಂಪೆನಿಯೇ ೧೯೩೩ರಲ್ಲಿ ‘ದುಖ್ತರೆ ಲೋರ್’ ಎಂಬ ಚಿತ್ರವನ್ನು ತಯಾರಿಸಿತು. ಕಥೆಯನ್ನು ಬರೆದು ನಾಯಕನ ಪಾತ್ರವನ್ನೂ ವಹಿಸಿದವರು, ಪ್ರಾಚೀನ ಇರಾನಿನ ಸಾಹಿತ್ಯವನ್ನು ಅಭ್ಯಾಸಮಾಡಲು ಭಾರತಕ್ಕೆ ಬಂದಿದ್ದ ಅಬ್ದುಲ್ ಹುಸೇನ್ ಸೆಪಂತಾ. ದರೋಡೆಗಾರರ ಕೈಗೆ ಸಿಕ್ಕಿ ಚಹದಂಗಡಿಯಲ್ಲಿ ಕುಣಿಯುವ ಹುಡುಗಿಯ ಪಾತ್ರವನ್ನು ರೂಹಂಗೀಜ್ ಎಂಬಾಕೆ ಅಭಿನಯಿಸಿದಳು. ಚಿತ್ರಕ್ಕೆ ಕೀರ್ತಿ ಬಂದಿತು. ಆಕೆಗೆ ಬಂದುದು ಹೆಚ್ಚಾಗಿ ನಿಂದೆಯೇ. (೧೯೩೪ರಲ್ಲಿ ತೆರೆಕಂಡ ನಮ್ಮ ‘ಸತೀ ಸುಲೋಚನ’ವೂ ಕೊಲ್ಲಾಪುರದಲ್ಲಿ ತಯಾರಾದುದನ್ನು ನೆನೆದರೆ, ತವರಿನ ಹೊರಗೆ ಮೊದಲು ಬಾಯಿತೆರೆದ ಭಾಷೆ ಫಾರಸಿಯೊಂದೇ ಅಲ್ಲವೆಂದು ತಿಳಿಯುವುದು.) ಸೆಪಂತಾ ಅವರು ಮುಂದೆ ಭಾರತದಲ್ಲಿಯೇ ‘ಫಿರ್ದೌಸಿ’, ‘ಶೀರೀನ್ ಮತ್ತು ಫರ್ಹಾದ್’, ‘ಲೈಲಾ ಮಜನೂ’ ಮೊದಲಾದುವನ್ನು ತೆಗೆದರು. ಹೆಸರುಗಳನ್ನು ನೋಡಿದರೆ ಸಾಕು, ಈ ಕಲೆಯು ಮೊದಲಿನಿಂದಲೂ ಯಾರ ಮನೆಯಲ್ಲಿ ಉಂಡು ಬೆಳೆಯಿತೆಂಬುದು ಗೊತ್ತಾಗುತ್ತದೆ. ನಿರ್ಬಂಧವೂ ಆಗಲೇ ಇದ್ದಿತು. ‘ಫಿರ್ದೌಸಿ’ಯಲ್ಲಿ ಸುಲ್ತಾನ್ ಮಹಮೂದನನ್ನು ಕಾಣಿಸಿದ ರೀತಿ ರೆಜಾ ಷಾಗೆ ಒಪ್ಪಿಗೆಯಾಗದೆ, ಆ ಭಾಗಗಳನ್ನು ಮತ್ತೆ ತೆಗೆಯಬೇಕಾಯಿತು. ಅದರಿಂದ ಚಿತ್ರವೇನೂ ಉತ್ತಮವಾಗಲಿಲ್ಲ.

೧೯೪೮ರಲ್ಲಿ ಸ್ವದೇಶದಲ್ಲಿಯೇ ಮತ್ತೆ ಆರಂಭವಾದ ಉದ್ಯಮವು ಹಾಡು, ಕುಣಿತ, ಹೊಡೆದಾಟಗಳ ಚಿತ್ರಗಳನ್ನು ಹೇರಳವಾಗಿ ಹೊರಡಿಸಿತು. ವಿಮರ್ಶಕರು ಇವನ್ನು ‘ಫಿಲ್ಮ್‌ಫಾರ್ಸಿ’ ಎಂದು ಹಳಿದರು. ಸೆನ್ಸಾರು ಈ ಕಾಲದಲ್ಲಿಯೂ ಇದ್ದಿತೆಂಬುದನ್ನು ಮರೆಯಬಾರದು.

ತಿರುವು ಕಾಣಿಸಿದುದು ಒಬ್ಬ ಕವಯಿತ್ರಿಯ ಕೈಯಲ್ಲಿ. ಫರೂಗ್ ಫರ್ರುಖ್‌ಜಾದ್ ಅವರು ೧೯೬೨ರಲ್ಲಿ ತಬ್ರೀಜಿನ ಕುಷ್ಠರೋಗಿಗಳ ವಸತಿಗೆ ಹೋಗಿ, ‘ಮನೆ ಕಪ್ಪಾಗಿದೆ’ ಎಂಬ ಅರ್ಥದ ಹೆಸರುಳ್ಳ ಇಪ್ಪತ್ತು ನಿಮಿಷಗಳ ಚಿತ್ರವೊಂದನ್ನು ತೆಗೆದರು. ಅದರಲ್ಲಿ ಒಂದು ಪಾಠಶಾಲೆಯ ದೃಶ್ಯವುಂಟು. ‘ಮನೆ’ ಎಂಬ ಶಬ್ದವನ್ನು ಸೇರಿಸಿ ಒಂದು ವಾಕ್ಯವನ್ನು ಬರೆಯೆಂದು ಉಪಾಧ್ಯಾಯನು ಹೇಳುತ್ತಾನೆ. ವಿದ್ಯಾರ್ಥಿಯು ಹಲಗೆಯ ಮುಂದೆ ಬಹಳ ಹೊತ್ತು ನಿಂತು, ಚಿತ್ರದ ಹೆಸರಾಗಿರುವ ಆ ವಾಕ್ಯವನ್ನೇ ಬರೆಯುತ್ತಾನೆ. ನಮ್ಮ ಆಲಂಕಾರಿಕರು ಧ್ವನಿಯೆಂದುದು ಇದನ್ನಲ್ಲದೆ ಮತ್ತಾವುದನ್ನು? ಇಲ್ಲಿ ಸೆನ್ಸಾರಿನ ಕಣ್ಣು ತಪ್ಪಿಸುವ ಆವಶ್ಯಕತೆಯೇ ಇರಲಿಲ್ಲ. ಕುಷ್ಠರೋಗಿಗಳ ನೆರವಿಗಾಗಿದ್ದ ಸಂಘವೇ ಇದನ್ನು ಮಾಡಿಸಿದುದು. ಸೂಚಿಸಿ ಹೇಳುವುದು ಕವಿಯ ಅಭ್ಯಾಸವಾಗಿದ್ದಿತು, ಅಷ್ಟೆ. ಮರುವರ್ಷ ಜರ್ಮನಿಯ ಓಬರ್‌ಹೌಸನ್ ಉತ್ಸವದಲ್ಲಿ ಇದಕ್ಕೆ ಬಹುಮಾನ ಬಂದಿತು.

೧೯೬೯ರಲ್ಲಿ ದಾರಿಯೂಷ್ ಮೆಹ್ರಜೂಯಿಯವರು ಗುಲಾಂ ಹುಸೇನ್ ಸಾಎದಿಯವರ ಕಥೆಯಿಂದ ‘ಗಾವ್’ ಎಂಬ ಚಿತ್ರವನ್ನು ರಚಿಸಿದರು. ತನ್ನ ಒಂದೇ ಆಕಳು ಸತ್ತುಹೋಗಲು, ಆ ದುಃಖದಲ್ಲಿ ತಾನೇ ಆಕಳೆಂದು ಭ್ರಮಿಸುವ ಹಳ್ಳಿಗನ ಕಥೆಯದು. ಸರಕಾರವೇ ಹಣ ಕೊಟ್ಟು, ದೇಶದ ದಾರಿದ್ರ್ಯ ಬಯಲಾಯಿತೆಂದು ಸರಕಾರವೇ ಅದನ್ನು ತಡೆಯಿತು. ಚಿತ್ರವು ಗುಟ್ಟಾಗಿ ವೆನಿಸ್ ನಗರಕ್ಕೆ ಸಾಗಿ ೧೯೭೧ರಲ್ಲಿ ವಿಮರ್ಶಕರ ಬಹುಮಾನವನ್ನು ಪಡೆಯಿತು.

೧೯೭೯ರ ಕ್ರಾಂತಿಯ ಕಾಲದಲ್ಲಿ ಅನೇಕ ಚಿತ್ರಮಂದಿರಗಳು ಬೆಂಕಿಗೆ ಆಹುತಿಯಾದುವು. ಆಮೇಲೆ ಬಂದ ನಿಯಮಗಳ ಮೇರೆಗೆ ಹೆಂಗಸರು ಪರದೆಯ ಮೇಲೆ ಸದಾ ತಲೆ ಮುಚ್ಚಿಕೊಂಡಿರಬೇಕು. ದಂಪತಿಗಳ ಪಾತ್ರದವರೂ ಒಬ್ಬರನ್ನೊಬ್ಬರು ಮುಟ್ಟಬಾರದು. ತಾಯಿಯು ತನ್ನ ಮನೆಯೊಳಗೆ, ತನ್ನ ಮಕ್ಕಳ ಮುಂದೆಯೂ ತಲೆವಸ್ತ್ರ ತೊಟ್ಟಿರುವ ಅಸಹಜತೆಯನ್ನು ಸಹಿಸಲಾರದೆ ಕೆಲವು ನಿರ್ದೇಶಕರು ಬೀದಿಗೆ, ಹಳ್ಳಿಗೆ, ಮಕ್ಕಳ ಕಥೆಗೆ ತಿರುಗಿದರೆಂಬುದು ನಿಜ. ರೂಢಿಯ ಮಾತಿನಲ್ಲಿರುವ ಸತ್ಯವು ಇಷ್ಟೇ. ಆದರೂ ಮಕ್ಕಳ ಚಿತ್ರದ ದಾರಿಯು ಅದಕ್ಕೆ ಮೊದಲೇ ಬಿದ್ದಿದ್ದಿತು. ೧೯೬೫ರಲ್ಲಿ ಸ್ಥಾಪಿತವಾದ ‘ಕಾನೂನ್’ ಎಂಬ ಮಕ್ಕಳ ಸಂಸ್ಥೆಗಾಗಿ ಅಬ್ಬಾಸ್ ಕಿಯರೋಸ್ತಮಿಯವರು ೧೯೭೦ರಲ್ಲಿಯೇ, ರೊಟ್ಟಿ ಹಿಡಿದು ಗಲ್ಲಿಯಲ್ಲಿ ನಾಯಿಗೆ ಹೆದರಿ ನಿಂತ ಹುಡುಗನ ಚಿತ್ರವನ್ನು ತೆಗೆದಿದ್ದರು. ಗೆಳೆಯನ ನೋಟುಪುಸ್ತಕವನ್ನು ಹಿಂದಿರುಗಿಸಲು ಪಕ್ಕದ ಹಳ್ಳಿಗೆ ಓಡುವ ಬಾಲಕನ ಕಥೆಯಾದ ಅವರ ೧೯೮೭ರ ಚಿತ್ರವು ಸೊಹ್ರಾಬ್ ಸೆಪೆಹ್ರಿ ಎಂಬ ಕವಿಯಿಂದಲೂ, ೧೯೯೯ರ ಮತ್ತೊಂದು ಚಿತ್ರವು ಫರೂಗರ ಕವಿತೆಯಿಂದಲೂ ಹೆಸರನ್ನು ಪಡೆದುವು. ೧೯೯೭ರಲ್ಲಿ ಕಾನ್ ಉತ್ಸವದ ಪರಮೋಚ್ಚ ಬಹುಮಾನವು ಅವರ ‘ಚೆರಿಯ ರುಚಿ’ ಎಂಬ ಚಿತ್ರಕ್ಕೂ ಒಂದು ಜಪಾನೀ ಚಿತ್ರಕ್ಕೂ ಹಂಚಿಕೆಯಾಗಿ ಸಂದಿತು. ಅಸ್ಗರ್ ಫರ್ಹಾದಿಯವರು ೨೦೧೨ರಲ್ಲಿಯೂ ೨೦೧೭ರಲ್ಲಿಯೂ ಆಸ್ಕರ್ ಗಳಿಸಿದರು.

ನಿರ್ಬಂಧವು ಕಲೆಯ ತಾಯಿಯೇ ಆಗಿದ್ದರೆ, ಅದನ್ನು ಮೀರಿ ತೆಗೆದ ಚಿತ್ರದಲ್ಲಿ ಸೂಚನೆಯ ಗುಣವು ಕುಗ್ಗಿರಬೇಕಷ್ಟೆ. ಜಾಫರ್ ಪನಾಹಿಯವರ ಉದಾಹರಣೆಯನ್ನು ನೋಡೋಣ. ಅವರ ‘ವೃತ್ತ’ಕ್ಕೆ ೨೦೦೦ದಲ್ಲಿ ವೆನಿಸ್ಸಿನ ಪ್ರಥಮ ಬಹುಮಾನ ಬಂದಿತು, ಸ್ವದೇಶದಲ್ಲಿ ಅದಕ್ಕೆ ಪ್ರದರ್ಶನವೇ ಇಲ್ಲವಾಯಿತು. ೨೦೧೦ರಲ್ಲಿ ಅವರಿಗೆ ಆರು ವರ್ಷಗಳ ಸೆರೆಯನ್ನೂ, ಇಪ್ಪತ್ತು ವರ್ಷ ಚಿತ್ರ ತೆಗೆಯಕೂಡದೆಂಬ ನಿಷೇಧವನ್ನೂ ವಿಧಿಸಲಾಯಿತು. ೨೦೨೫ರಲ್ಲಿ ಕಾನ್ ಉತ್ಸವದ ಪರಮೋಚ್ಚ ಬಹುಮಾನವನ್ನು ಪಡೆದ ಅವರ ಚಿತ್ರವು ಅನುಮತಿಯಿಲ್ಲದೆ, ಗುಟ್ಟಾಗಿ ತೆಗೆದುದು. ಅದರಲ್ಲಿ ಹೆಂಗಸರು ತಲೆವಸ್ತ್ರವಿಲ್ಲದೆಯೇ ಕಾಣಿಸಿಕೊಳ್ಳುವರು, ಸೆರೆಮನೆಯ ಹಿಂಸೆಯನ್ನು ಬಾಯಿಬಿಟ್ಟೇ ಹೇಳುವರು. ಆದರೆ ಕಥೆ ನಿಂತಿರುವುದು ಒಂದು ಸದ್ದಿನ ಮೇಲೆ. ಕಣ್ಣು ಕಟ್ಟಿಸಿಕೊಂಡು ಹಿಂಸೆಯನ್ನು ಅನುಭವಿಸಿದವನು ಹಿಂಸಕನ ಮುಖವನ್ನು ಕಂಡವನಲ್ಲ. ಅವನ ಕೃತಕ ಕಾಲಿನ ಕಿರುಗುಟ್ಟುವಿಕೆಯನ್ನು ಮಾತ್ರ ಬಲ್ಲನು. ಕೊನೆಯ ದೃಶ್ಯದಲ್ಲಿ ಆತನು ನಮಗೆ ಬೆನ್ನು ತೋರಿಸಿ ನಿಂತಿರುವಾಗ ಆ ಸದ್ದು ಮತ್ತೆ ಕೇಳಿಬರುತ್ತದೆ. ಬಂದವನು ಯಾರೆಂಬುದನ್ನು ನಿರ್ದೇಶಕರು ತೋರಿಸುವುದಿಲ್ಲ.