ಮಕ್ಕಳ ಕೈಯಲ್ಲಿ ಎದ್ದು ನಿಲ್ಲುವ ಊಟದ ತಟ್ಟೆ

‘ಹಣ್ಣು ತರಕಾರಿ ತಿನ್ನಿರಿ, ಆರೋಗ್ಯ ಕಾಪಾಡಿರಿ’ ಎಂದು ಬರೆದ ಪೋಸ್ಟರ್ ನಿಮ್ಮ ಮಗುವಿನ ಶಾಲೆಯ ಗೋಡೆಯಲ್ಲಿ ಇದ್ದೇ ಇರುತ್ತದೆ. ಅದರಲ್ಲಿ ಯಾವ ಯಾವ ತರಕಾರಿಗಳ ಚಿತ್ರವಿದೆ ಎಂದು ಮಗುವನ್ನು ಇಂದು ಸಂಜೆ ಕೇಳಿ ನೋಡಿ. ಪ್ರತಿದಿನ ಅದರ ಮುಂದೆಯೇ ಹಾದು ಹೋಗುವ ಮಗು ತಲೆ ಕೆರೆದುಕೊಂಡೀತು. ತಪ್ಪು ಮಗುವಿನದ್ದಲ್ಲ. ಕಣ್ಣಿಗೆ ಅಭ್ಯಾಸವಾದ ಪೋಸ್ಟರ್ ಗೋಡೆಯ ಬಣ್ಣದಂತೆ; ಇದೆಯೆಂಬುದೇ ಮರೆತು ಹೋಗುತ್ತದೆ.

ಅದೇ ಪೋಸ್ಟರ್‌ನಲ್ಲಿ ಒಂದು ಪುಟ್ಟ ಬಾಗಿಲಿದ್ದು, ಅದರ ಮೇಲೆ ‘ಒಳಗೇನಿದೆ?’ ಎಂದು ಬರೆದಿದ್ದರೆ? ಮಕ್ಕಳೇಕೆ, ಮನೆಗೆ ಬಂದ ನೆಂಟರೂ ಅದನ್ನು ತೆರೆಯದೆ ಹೋಗಲಾರರು. ತೆರೆದಾಗ ಎದ್ದು ನಿಲ್ಲುವ, ಎಳೆದಾಗ ಜಾರುವ ಇಂಥ ಚಿತ್ರಪಟಗಳಿಗೆ ಪಾಪ್-ಅಪ್ ಪೋಸ್ಟರ್ ಎನ್ನುತ್ತಾರೆ. ಅಂಗಡಿಯಿಂದ ತರಬೇಕಾಗಿಲ್ಲ. ಒಂದು ರಜಾದಿನ ಮಕ್ಕಳೊಂದಿಗೆ ನೆಲದ ಮೇಲೆ ಕುಳಿತರೆ ನೀವೇ ಮಾಡಬಹುದು. ಆದರೆ ಕತ್ತರಿ ಹಿಡಿಯುವ ಮುನ್ನ ಒಂದು ಮಾತು: ಇದರಲ್ಲಿ ಕಾಗದದ ಕೆಲಸ ಸುಲಭ, ಏನು ಹೇಳಬೇಕೆಂದು ತೀರ್ಮಾನಿಸುವುದೇ ಕಷ್ಟ.

ಮೊದಲು ನಮ್ಮ ಮನೆಯ ತಪ್ಪು

ನನಗೆ ಇದು ತಿಳಿದದ್ದು ತಪ್ಪು ಮಾಡಿದ ಮೇಲೆ. ಏಳನೇ ತರಗತಿಯಲ್ಲಿದ್ದ ಮಗಳು ಶಾಲೆಯ ಪ್ರದರ್ಶನಕ್ಕೆಂದು ಇಂಥದ್ದೊಂದು ಪೋಸ್ಟರ್ ಮಾಡಿದಳು. ಅದರಲ್ಲಿ ಚಹಾ ಲೋಟದ ಚಿತ್ರದ ಒಂದು ಮುಚ್ಚಳ. ಮೇಲೆ ‘ನಮ್ಮ ಮನೆಯಲ್ಲಿ ಹೆಚ್ಚು ಸಕ್ಕರೆ ಯಾರಿಗೆ?’ ಎಂಬ ಪ್ರಶ್ನೆ. ತೆರೆದರೆ ಒಳಗೆ ‘ಅಜ್ಜಿಗೆ!’ ಎಂಬ ಉತ್ತರ. ನಾವೆಲ್ಲ ನಕ್ಕೆವು. ನನ್ನ ಅತ್ತೆಯೂ ನಕ್ಕರು. ಅವರಿಗೆ ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಮರುದಿನದಿಂದ ಅವರು ಚಹಾ ಕುಡಿಯಲು ಮೇಜಿನ ಬಳಿಗೆ ಬರಲಿಲ್ಲ. ಅಡುಗೆ ಕೋಣೆಯಲ್ಲಿ ನಿಂತೇ ಕುಡಿದು ಲೋಟ ತೊಳೆದಿಡತೊಡಗಿದರು. ಸಕ್ಕರೆ ಒಂದು ಚಮಚವೂ ಕಡಿಮೆಯಾಗಲಿಲ್ಲ. ಅದು ನಮ್ಮ ಕಣ್ಣಿಗೆ ಬೀಳದಂತಾಯಿತು, ಅಷ್ಟೇ.

ಮಗಳು ಆ ಮುಚ್ಚಳವನ್ನು ಕಿತ್ತು ಹೊಸದು ಅಂಟಿಸಿದಳು. ಈಗ ಮೇಲಿನ ಪ್ರಶ್ನೆ ‘ನಿಮ್ಮ ಚಹಾಕ್ಕೆ ಎಷ್ಟು ಚಮಚ?’ ಒಳಗೆ ಉತ್ತರದ ಬದಲು ಸಣ್ಣದೊಂದು ಜೇಬು, ಅದರಲ್ಲಿ ಕಾಗದದ ಚಮಚಗಳು. ಮನೆಯ ಪ್ರತಿಯೊಬ್ಬರೂ ದಿನದಲ್ಲಿ ತಾವು ಹಾಕಿಕೊಂಡಷ್ಟು ಚಮಚಗಳನ್ನು ಜೇಬಿನಿಂದ ತೆಗೆದು ತಮ್ಮ ಬಣ್ಣದ ದಾರಕ್ಕೆ ಸಿಕ್ಕಿಸಬೇಕು. ಮೊದಲ ದಿನ ಎಲ್ಲರಿಗಿಂತ ಉದ್ದದ ಸಾಲು ನನ್ನ ಪತಿಯದ್ದಾಗಿತ್ತು! ದಿನಕ್ಕೆ ನಾಲ್ಕು ಚಹಾ, ಪ್ರತಿ ಚಹಾಕ್ಕೆ ಎರಡು ಚಮಚ, ಒಟ್ಟು ಎಂಟು. ಮೂರನೆಯ ದಿನ ಅತ್ತೆ ತಾವಾಗಿಯೇ ಮೇಜಿನ ಬಳಿಗೆ ಬಂದು ಕುಳಿತರು.

ಆದ್ದರಿಂದ ನಿಮ್ಮ ಪೋಸ್ಟರ್‌ಗೆ ಮೊದಲ ನಿಯಮ: ಯಾರ ಕಡೆಗೂ ಬೆರಳು ತೋರಿಸಬೇಡಿ. ದಪ್ಪಗಿರುವವರ ಚಿತ್ರ, ‘ಹೊಟ್ಟೆಬಾಕ’ನಂತಹ ಮಾತು, ಕಾಯಿಲೆಯ ಹೆದರಿಕೆ ಬೇಡ. ನಾಚಿಕೆಪಟ್ಟವರು ಬದಲಾಗುವುದಿಲ್ಲ, ಮರೆಯಾಗುತ್ತಾರೆ.

ಒಂದು ಪೋಸ್ಟರ್, ಒಂದು ವಿಷಯ

ನೀರು, ಉಪ್ಪು, ಎಣ್ಣೆ, ಹಣ್ಣು, ವ್ಯಾಯಾಮ, ನಿದ್ರೆ ಎಲ್ಲವನ್ನೂ ಒಂದೇ ಹಾಳೆಗೆ ತುರುಕಬೇಡಿ. ನಿಮ್ಮ ಮನೆಗೆ ಈಗ ಬೇಕಾದದ್ದು ಯಾವುದು ಎಂದು ಯೋಚಿಸಿ. ಮಕ್ಕಳು ತರಕಾರಿಯನ್ನು ತಟ್ಟೆಯ ಅಂಚಿಗೆ ತಳ್ಳುತ್ತಾರೆಯೇ? ಬಾಟಲಿ ಪಾನೀಯ ಹೆಚ್ಚಾಗಿದೆಯೇ? ಮಗಳು ಸದಾ ಸುಸ್ತು ಎನ್ನುತ್ತಾಳೆಯೇ? ಒಂದನ್ನು ಆರಿಸಿಕೊಳ್ಳಿ. ಎರಡು ತಿಂಗಳ ಬಳಿಕ ಮತ್ತೊಂದು ಪೋಸ್ಟರ್ ಮಾಡಬಹುದು. ಆರಂಭಕ್ಕೆ ಮೂರು ವಿಷಯಗಳನ್ನು, ಅವಕ್ಕೆ ಒಪ್ಪುವ ಮೂರು ಕಾಗದದ ಉಪಾಯಗಳನ್ನು ಇಲ್ಲಿ ಕೊಟ್ಟಿದೆ.

ಬೇಕಾಗುವ ಸಾಮಗ್ರಿ ಮನೆಯಲ್ಲೇ ಇದೆ. ಒಂದು ದಪ್ಪ ಚಾರ್ಟ್ ಹಾಳೆ, ಕತ್ತರಿ, ಅಂಟು, ಅಡಿಪಟ್ಟಿ, ಹಳೆಯ ಅಂಗಿಯ ಎರಡು ಗುಂಡಿ, ದಾರ. ಎದ್ದು ನಿಲ್ಲುವ ಭಾಗಗಳಿಗೆ ಹಳೆಯ ನಿಕಾಹ್ ಆಮಂತ್ರಣ ಪತ್ರಗಳಷ್ಟು ಒಳ್ಳೆಯ ಕಾಗದ ಬೇರೆ ಸಿಗದು. ದಪ್ಪವೂ ಹೌದು, ಮಡಚಿದರೆ ಬಿರಿಯುವುದೂ ಕಡಿಮೆ. ಆದರೆ ‘ಬಿಸ್ಮಿಲ್ಲಾಹ್’ ಅಥವಾ ಕುರ್‌ಆನ್ ವಚನ ಅಚ್ಚಾಗಿರುವ ಭಾಗವನ್ನು ಮೊದಲೇ ಬೇರ್ಪಡಿಸಿ ಗೌರವದಿಂದ ತೆಗೆದಿಡಿ. ಅದನ್ನು ಏಕೆ ಹಾಗೆ ಮಾಡಬೇಕೆಂದು ಮಕ್ಕಳಿಗೂ ತಿಳಿಸಿ.

ಎದ್ದು ನಿಲ್ಲುವ ತಟ್ಟೆ

ಮೊದಲ ವಿಷಯ ಊಟದ ಪ್ರಮಾಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಪರಿಷ್ಕೃತ ಆಹಾರ ಮಾರ್ಗಸೂಚಿ ಪ್ರಕಟಿಸಿತು. ಅದರಲ್ಲಿ 2000 ಕಿಲೋ ಕ್ಯಾಲೊರಿಯ ಒಂದು ದಿನದ ತಟ್ಟೆಯ ಲೆಕ್ಕವಿದೆ: ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಅಕ್ಕಿ ಗೋಧಿಯಂತಹ ಧಾನ್ಯ 250 ಗ್ರಾಂ, ಬೇಳೆಕಾಳು ಮತ್ತು ಮೀನು ಮಾಂಸ ಮೊಟ್ಟೆ ಸೇರಿ 85 ಗ್ರಾಂ, ಹಾಲು ಮೊಸರು 300 ಮಿಲಿ. ಇದು ಬೇಯಿಸುವ ಮುಂಚಿನ ತೂಕ. ಸಂಖ್ಯೆಗಳನ್ನು ಮಕ್ಕಳು ಮರೆತರೂ ಪರವಾಗಿಲ್ಲ, ಚಿತ್ರ ಮರೆಯಬಾರದು: ತಟ್ಟೆಯ ಅರ್ಧ ಭಾಗ ತರಕಾರಿ ಮತ್ತು ಹಣ್ಣು. ನಮ್ಮ ಮನೆಗಳ ಶುಕ್ರವಾರದ ಬಿರಿಯಾನಿ ತಟ್ಟೆಯನ್ನು ನೆನಪಿಸಿಕೊಳ್ಳಿ. ಅಂಚಿನಲ್ಲಿ ಎರಡು ಸೌತೆಕಾಯಿ ಬಿಲ್ಲೆ, ಒಂದು ಈರುಳ್ಳಿ! ಬಿರಿಯಾನಿ ಬಿಡಬೇಕೆಂದಲ್ಲ, ಪಕ್ಕದ ಕಚುಂಬರಿಗೂ ತಟ್ಟೆಯಲ್ಲಿ ಜಾಗ ಸಿಗಬೇಕು.

ಮಾಡುವ ವಿಧಾನ ಹೀಗೆ. ಚಾರ್ಟ್ ಹಾಳೆಯನ್ನು ಅಡ್ಡಕ್ಕೆ ಸರಿಯಾಗಿ ಅರ್ಧ ಮಡಚಿ. ಮಡಿಕೆಯ ಕಡೆಯಿಂದ ಒಳಕ್ಕೆ 5 ಸೆಂಟಿಮೀಟರ್ ಉದ್ದದ ಎರಡು ನೇರ ಕತ್ತರಿ ಏಟು ಹಾಕಿ. ಅವುಗಳ ನಡುವೆ 8 ಸೆಂಟಿಮೀಟರ್ ಅಂತರವಿರಲಿ. ನಡುವಿನ ಪಟ್ಟಿಯನ್ನು ಏಟುಗಳು ಮುಗಿಯುವಲ್ಲಿ ಹಿಂದಕ್ಕೂ ಮುಂದಕ್ಕೂ ಮಡಚಿ ಗೆರೆ ಮೂಡಿಸಿ. ಈಗ ಹಾಳೆ ತೆರೆದು, ಆ ಪಟ್ಟಿಯನ್ನು ಹಿಂದಿನಿಂದ ಬೆರಳಿನಲ್ಲಿ ಮುಂದಕ್ಕೆ ತಳ್ಳಿ. ಪುಟ್ಟ ಮೆಟ್ಟಿಲಿನಂತೆ ಅದು ಎದ್ದು ನಿಲ್ಲುತ್ತದೆ. ಅದರ ಮುಖಕ್ಕೆ ತಟ್ಟೆಯ ಚಿತ್ರ ಅಂಟಿಸಿ. ಚಿತ್ರ 20 ಸೆಂಟಿಮೀಟರ್‌ಗಿಂತ ಎತ್ತರ ಬೇಡ, ಮಡಚಿದಾಗ ಹೊರಗೆ ಇಣುಕೀತು. ಹಿಂದಿನ ರಂಧ್ರ ಕಾಣದಂತೆ ಇನ್ನೊಂದು ಹಾಳೆ ಅಂಟಿಸಿ. ಮೆಟ್ಟಿಲಿಗೆ ಮಾತ್ರ ಅಂಟು ತಾಗಬಾರದು.

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಈ ಬಗೆಯ ಮೆಟ್ಟಿಲು ಹಾಳೆ ಅರ್ಧ ತೆರೆದಿರುವಾಗ ಮಾತ್ರ ನಿಲ್ಲುತ್ತದೆ. ಪೂರ್ತಿ ತೆರೆದು ಗೋಡೆಗೆ ಮೊಳೆ ಹೊಡೆದರೆ ಚಪ್ಪಟೆಯಾಗುತ್ತದೆ. ಆದ್ದರಿಂದ ಕೆಳಗಿನ ಅರ್ಧ ಮೇಜಿನ ಮೇಲೆ, ಮೇಲಿನ ಅರ್ಧ ಗೋಡೆಗೆ ಒರಗಿರುವಂತೆ ಇಡಿ.

ತಟ್ಟೆಯಲ್ಲಿ ನಮ್ಮ ಊರಿನದ್ದೇ ಇರಲಿ. ಪುಸ್ತಕದಿಂದ ನಕಲು ಮಾಡಿದ ಬ್ರೊಕೊಲಿ, ಸ್ಟ್ರಾಬೆರಿ ನೋಡಿದ ಮಗು ‘ಒಳ್ಳೆಯ ಆಹಾರ ಎಂದರೆ ಹಣವಂತರ ಆಹಾರ’ ಎಂದು ತಿಳಿದುಕೊಳ್ಳುತ್ತದೆ. ಬಸಳೆ, ಹರಿವೆ, ನುಗ್ಗೆ ಸೊಪ್ಪು, ಅಲಸಂಡೆ, ಪೇರಳೆ, ಪಪ್ಪಾಯಿ, ಬೂತಾಯಿ, ಬಂಗುಡೆ ಬರೆಯಿರಿ. ಬಯಲುಸೀಮೆಯವರಾದರೆ ಜೋಳದ ರೊಟ್ಟಿ, ರಾಗಿ ಮುದ್ದೆ, ಪುಂಡಿಪಲ್ಯ ಇರಲಿ. ಮದ್ರಸದಲ್ಲಿ ಇಡುವುದಾದರೆ ಹಣ್ಣುಗಳಿಗೆ ಕಣ್ಣು ಬಾಯಿ ಬರೆಯದೆ ಹಾಗೆಯೇ ಬಿಡಿ. ಮೀನನ್ನು ಹುರಿದ ತುಂಡಾಗಿ ತೋರಿಸಿದರಾಯಿತು.

ಬಾಟಲಿಯಿಂದ ಇಳಿಯುವ ಚಮಚಗಳು

ಎರಡನೆಯದು ಸಿಹಿ ಪಾನೀಯ. ಬಾಟಲಿಯ ಹಿಂಭಾಗದಲ್ಲಿ 100 ಮಿಲಿಗೆ ಎಷ್ಟು ಗ್ರಾಂ ಸಕ್ಕರೆ ಎಂದು ಅಚ್ಚಾಗಿರುತ್ತದೆ. ಅದು 11 ಗ್ರಾಂ ಎಂದಿದ್ದರೆ 250 ಮಿಲಿಯ ಬಾಟಲಿಯಲ್ಲಿ ಸುಮಾರು 27 ಗ್ರಾಂ ಸಕ್ಕರೆ. ಒಂದು ಟೀ ಚಮಚಕ್ಕೆ 4 ಗ್ರಾಂ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಏಳು ಚಮಚ! ಹೀಗೆ ಸೇರಿಸಿದ ಸಕ್ಕರೆ ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ವಯಸ್ಕರಿಗೆ ಶೇ. 5 ಎಂದರೆ ಸುಮಾರು ಆರು ಚಮಚ. ಒಂದೇ ಬಾಟಲಿ ಅದನ್ನು ಮುಗಿಸಿಬಿಡುತ್ತದೆ. ಮಕ್ಕಳ ಪಾಲು ಇನ್ನೂ ಕಡಿಮೆ. 2025ರಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ ‘ಸಕ್ಕರೆ ಫಲಕ’ ಹಾಕಲು ಸೂಚಿಸಿದ್ದು ಇದೇ ಕಾರಣಕ್ಕೆ.

ಇದನ್ನು ತೋರಿಸಲು ಉದ್ದನೆಯ ಕಾಗದದ ಪಟ್ಟಿಯನ್ನು ಬೀಸಣಿಗೆಯಂತೆ ಹಿಂದೆ ಮುಂದೆ ಏಳು ಮಡಿಕೆ ಮಾಡಿ. ಪ್ರತಿ ಮಡಿಕೆಯಲ್ಲಿ ಒಂದು ಚಮಚದ ಚಿತ್ರವಿರಲಿ. ಪಟ್ಟಿಯ ಮೇಲ್ತುದಿಯನ್ನು ಮಾತ್ರ ಬಾಟಲಿ ಚಿತ್ರದ ಮುಚ್ಚಳದೊಳಗೆ ಅಂಟಿಸಿ. ಮೇಲೆ ‘ಎಷ್ಟು ಚಮಚ? ಮೊದಲು ಊಹಿಸಿ’ ಎಂದು ಬರೆಯಿರಿ. ಈ ‘ಮೊದಲು ಊಹಿಸಿ’ ಮುಖ್ಯ. ಎರಡು ಎಂದು ಊಹಿಸಿದ ಮಗುವಿನ ಮುಂದೆ ಏಳು ಚಮಚ ಒಂದೊಂದಾಗಿ ಇಳಿದರೆ ಆ ಲೆಕ್ಕ ಮನಸ್ಸಿನಲ್ಲಿ ಉಳಿಯುತ್ತದೆ.

ಒಂದು ಪ್ರಾಮಾಣಿಕತೆ ನಮ್ಮಿಂದಲೂ ಬೇಕು. ಇಫ್ತಾರ್‌ಗೆ ನಾವೇ ಕಲಸುವ ಶರಬತ್ತಿನ ಸಕ್ಕರೆಗೂ ಇದೇ ಲೆಕ್ಕ. ಅದಕ್ಕೂ ಒಂದು ಪಟ್ಟಿ ಮಾಡಿ, ಪಕ್ಕದ ಮುಚ್ಚಳದಲ್ಲಿ ನೀರು, ಎಳನೀರು, ಮಜ್ಜಿಗೆ ತೋರಿಸಿ. ಬೇಡ ಎಂದದ್ದರ ಪಕ್ಕದಲ್ಲೇ ಬೇಕಾದದ್ದು ಇರಲಿ.

ನೆಲ್ಲಿಕಾಯಿ ತೆರೆಯುವ ಬಾಗಿಲು

ಮೂರನೆಯದು ಹೆಣ್ಣುಮಕ್ಕಳಿರುವ ಮನೆಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆ. ಸೊಪ್ಪು, ಬೇಳೆಯಲ್ಲಿ ಕಬ್ಬಿಣಾಂಶ ಇದ್ದರೂ ಅದೆಲ್ಲವನ್ನೂ ದೇಹ ಹೀರಿಕೊಳ್ಳುವುದಿಲ್ಲ. ಜೊತೆಗೆ ಲಿಂಬೆ, ನೆಲ್ಲಿಕಾಯಿ, ಪೇರಳೆಯಂತಹ ಸಿ ಜೀವಸತ್ವದ ಪದಾರ್ಥವಿದ್ದರೆ ಹೆಚ್ಚು ಹೀರಿಕೊಳ್ಳುತ್ತದೆ. ಊಟದ ಜೊತೆ ಚಹಾ ಕುಡಿದರೆ ಕಡಿಮೆಯಾಗುತ್ತದೆ.

ಹಾಳೆಯಲ್ಲಿ ಒಂದು ಚೌಕದ ಕಿಟಕಿ ಕತ್ತರಿಸಿ. ಹಿಂದಿನಿಂದ ಒಂದು ರಟ್ಟಿನ ಪಟ್ಟಿ ಜಾರುವಂತೆ ಎರಡು ಕಾಗದದ ಬಳೆಗಳ ನಡುವೆ ತೂರಿಸಿ. ಪಟ್ಟಿಯ ಒಂದು ಭಾಗದಲ್ಲಿ ನೆಲ್ಲಿಕಾಯಿ ಮತ್ತು ತೆರೆದ ಬಾಗಿಲು, ಇನ್ನೊಂದರಲ್ಲಿ ಚಹಾ ಲೋಟ ಮತ್ತು ಅರ್ಧ ಮುಚ್ಚಿದ ಬಾಗಿಲು ಬರೆಯಿರಿ. ಕಿಟಕಿಯ ಪಕ್ಕ ನುಗ್ಗೆ ಸೊಪ್ಪಿನ ಪಲ್ಯದ ಚಿತ್ರ. ಪಟ್ಟಿ ಎಳೆದಂತೆ ಬಾಗಿಲು ಬದಲಾಗುತ್ತದೆ. ಕೆಳಗೆ ಒಂದೇ ಸಾಲು: ‘ಚಹಾ ಊಟವಾಗಿ ಒಂದು ಗಂಟೆಯ ಮೇಲೆ’. ಸುಸ್ತು ಹೆಚ್ಚಿದ್ದರೆ ಪೋಸ್ಟರ್ ಸಾಲದು. ವೈದ್ಯರಲ್ಲಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ಉಳಿದ ಗುಂಡಿಗಳಿಂದ ಒಂದು ಚಕ್ರ ಮಾಡಬಹುದು. ಊಟದ ಬಟ್ಟಲನ್ನು ಕವುಚಿಟ್ಟು ಎರಡು ವೃತ್ತ ಕತ್ತರಿಸಿ, ಮೇಲಿನದ್ದರಲ್ಲಿ ಒಂದು ಕಿಟಕಿ ಬಿಡಿಸಿ, ನಡುವೆ ತೂತು ಮಾಡಿ ಎರಡೂ ಬದಿಗೆ ಗುಂಡಿಯಿಟ್ಟು ದಾರದಿಂದ ಹೊಲಿಯಿರಿ. ಕೆಳಗಿನ ವೃತ್ತದಲ್ಲಿ ಆರು ಬೆಳಗಿನ ತಿಂಡಿಗಳಿರಲಿ. ‘ನಾಳೆಗೇನು?’ ಎಂದು ಮಗು ತಿರುಗಿಸಲಿ. ಆದರೆ ಅದರಲ್ಲಿ ನಿಮ್ಮಿಂದ ಮಾಡಲಾಗುವ ತಿಂಡಿಗಳನ್ನೇ ಬರೆಯಿರಿ!

ಮೊದಲ ಮುಚ್ಚಳ ಯಾವುದು?

ವಿಷಯ ಯಾವುದೇ ಇರಲಿ, ಮೊದಲ ಮುಚ್ಚಳ ಕೈ ತೊಳೆಯುವುದಕ್ಕೆ ಮೀಸಲಿರಲಿ. ನಮಾಝ್‌ಗೆ ವುಝೂ ಮಾಡಿದ್ದೇನಲ್ಲ ಎಂದು ಮಕ್ಕಳು ನೇರವಾಗಿ ಊಟಕ್ಕೆ ಕೂರುತ್ತಾರೆ. ನಡುವೆ ಚಪ್ಪಲಿ, ಮೊಬೈಲ್, ಹಣ ಎಲ್ಲವನ್ನೂ ಮುಟ್ಟಿರುತ್ತಾರೆ. ಊಟಕ್ಕೆ ಮುನ್ನ ಸೋಪು ಹಚ್ಚಿ ಕನಿಷ್ಠ 20 ಸೆಕೆಂಡು ಉಜ್ಜಬೇಕೆಂದು ಅಲ್ಲಿ ಬರೆಯಿರಿ.

ಪ್ರವಾದಿ(ಸ)ರವರ ಆಸರೆಯಲ್ಲಿ ಬೆಳೆದ ಉಮರ್ ಬಿನ್ ಅಬೀ ಸಲಮಾ(ರ) ಎಂಬ ಬಾಲಕನ ಕೈ ಊಟದ ತಟ್ಟೆಯಲ್ಲಿ ಎಲ್ಲೆಂದರಲ್ಲಿ ಓಡಾಡುತ್ತಿತ್ತು. ಪ್ರವಾದಿ(ಸ)ರವರು ಗದರಲಿಲ್ಲ. ಅಲ್ಲಾಹನ ಹೆಸರು ಹೇಳಲು, ಬಲಗೈಯಿಂದ ತಿನ್ನಲು, ತನ್ನ ಹತ್ತಿರದ ಭಾಗದಿಂದ ತಿನ್ನಲು ಕಲಿಸಿದರು. ಆ ಬಾಲಕ ಅಂದಿನಿಂದ ಕೊನೆಯ ತನಕ ಹಾಗೆಯೇ ಉಂಡನೆಂದು ಹದೀಸ್‌ನಲ್ಲಿದೆ. ಮೂರೇ ಮಾತು, ಅದೂ ತಟ್ಟೆಯ ಮುಂದೆಯೇ. ಪೋಸ್ಟರ್ ಮಾಡುವವರಿಗೂ ಇದಕ್ಕಿಂತ ಒಳ್ಳೆಯ ಮಾದರಿ ಬೇಕೇ? ಹೊಟ್ಟೆಯ ಮೂರನೆಯ ಒಂದು ಭಾಗ ಆಹಾರಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಎಂಬ ಪ್ರವಾದಿ ಬೋಧನೆಯನ್ನು ಮಕ್ಕಳು ಮದ್ರಸದಲ್ಲಿ ಕೇಳಿರುತ್ತಾರೆ. ಬೇಕಿದ್ದರೆ ಮೂರು ಮುಚ್ಚಳಗಳಲ್ಲಿ ಅದನ್ನೂ ತೋರಿಸಬಹುದು.

ಗೋಡೆಗೇರಿಸುವ ಮುನ್ನ

ಸಿದ್ಧವಾದ ಪೋಸ್ಟರನ್ನು ಮೂವರಿಗೆ ತೋರಿಸಿ: ಓದಲು ಬಾರದ ಒಂದು ಮಗು, ಕನ್ನಡಕ ಧರಿಸುವ ಒಬ್ಬ ಹಿರಿಯರು, ಮನೆಗೆ ಬಂದ ಒಬ್ಬ ಅತಿಥಿ. ‘ಚೆನ್ನಾಗಿದೆಯಾ?’ ಎಂದು ಕೇಳಬೇಡಿ, ಎಲ್ಲರೂ ಹೌದೆನ್ನುತ್ತಾರೆ. ಸುಮ್ಮನೆ ನೋಡಿ. ಮಗುವಿಗೆ ಮುಚ್ಚಳ ಎಲ್ಲಿ ಹಿಡಿಯಬೇಕೆಂದು ತಿಳಿಯದಿದ್ದರೆ ಅಂಚಿನಲ್ಲಿ ಸಣ್ಣ ಕಿವಿಯಂತೆ ಒಂದು ಹಿಡಿ ಅಂಟಿಸಿ. ಹಿರಿಯರು ಕಣ್ಣು ಕಿರಿದು ಮಾಡಿದರೆ ಅಕ್ಷರ ದೊಡ್ಡದಾಗಬೇಕು. ಯಾರಾದರೂ ಓದಿ ಮುಖ ಬಾಡಿಸಿದರೆ ಆ ಮಾತು ತೆಗೆಯಬೇಕು.

ನಮ್ಮ ಮನೆಯ ಪೋಸ್ಟರ್ ಈಗಲೂ ಊಟದ ಮೇಜಿನ ಮೇಲಿದೆ. ಅತ್ತೆಯ ದಾರದಲ್ಲಿ ಈಗ ದಿನಕ್ಕೆ ಒಂದೇ ಚಮಚ, ಅದೂ ವೈದ್ಯರೊಂದಿಗೆ ಮಾತಾಡಿದ ಮೇಲೆ. ದಿನವೂ ತೆರೆದು ಮುಚ್ಚಿ ಚಹಾ ಲೋಟದ ಮುಚ್ಚಳ ಹರಿದೇ ಹೋಗಿತ್ತು. ಕಳೆದ ವಾರ ಅವರೇ ಕಪಾಟಿನಿಂದ ಹಳೆಯ ನಿಕಾಹ್ ಪತ್ರವೊಂದನ್ನು ಹುಡುಕಿ ತಂದು, ಮೇಲಿನ ‘ಬಿಸ್ಮಿಲ್ಲಾಹ್’ ಭಾಗವನ್ನು ತೆಗೆದಿಟ್ಟು, ಉಳಿದುದನ್ನು ಮೊಮ್ಮಗಳ ಕೈಗೆ ಕೊಟ್ಟರು.