ಸಿಸ್ಟರ್ ನಗುತ್ತ ಮಾತಾಡಬೇಕಾದರೆ

ಕಾಂದಿವಲಿ ಪಶ್ಚಿಮದಲ್ಲಿ ಮುಂಬಯಿ ಮಹಾನಗರಪಾಲಿಕೆ ನಡೆಸುವ ಡಾ. ಬಾಬಾಸಾಹೇಬ್ ಅಂಬೇಡ್ಕರ್ ಆಸ್ಪತ್ರೆಯನ್ನು ಸುತ್ತಲಿನವರು ಕರೆಯುವುದು ‘ಶತಾಬ್ದಿ’ ಎಂದೇ. ಚಾರ್‌ಕೋಪ್, ಪೊಯ್ಸರ್ ಕಡೆಯ ಜನರಿಗೆ ಕಾಯಿಲೆ ಬಂದಾಗ ಮೊದಲು ನೆನಪಾಗುವ ಸರ್ಕಾರಿ ಆಸ್ಪತ್ರೆಗಳಲ್ಲಿ ಇದೂ ಒಂದು. ಈ ಉಪನಗರದಲ್ಲಿ ಮರಾಠಿ, ಗುಜರಾತಿ, ಹಿಂದಿ ಮಾತಾಡುವವರ ಜೊತೆ ತುಳು–ಕನ್ನಡಿಗರ ಸಂಸಾರಗಳೂ ತಲೆಮಾರುಗಳಿಂದ ನೆಲೆಸಿವೆ. ಇಂಥ ಕಡೆ ಕೆಲಸ ಮಾಡುವ ನರ್ಸ್ ಒಂದೇ ಪಾಳಿಯಲ್ಲಿ ಮೂರು–ನಾಲ್ಕು ಭಾಷೆಗಳಲ್ಲಿ ನೋವು ಕೇಳಬೇಕು, ಗುಳಿಗೆಯ ಹೊತ್ತು ತಿಳಿಸಬೇಕು, ಗಾಬರಿಯಾದ ಸಂಬಂಧಿಕರನ್ನು ಸಮಾಧಾನಪಡಿಸಬೇಕು.

ಇದನ್ನೆಲ್ಲ ‘ಒಳ್ಳೆಯ ಸ್ವಭಾವ’ ಎಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ನರ್ಸಿಂಗಿನಲ್ಲಿ ಮಾತು ಕೂಡ ಚುಚ್ಚುಮದ್ದು ಕೊಡುವಷ್ಟೇ ಕಲಿತು ಮಾಡುವ ಕೆಲಸ.

ಮದ್ದು ಕೊಡುವ ಮುನ್ನ ನರ್ಸ್ “ನೀವು ರಮೇಶ್ ಅಲ್ಲವೇ?” ಎಂದು ಕೇಳಬಾರದು, “ನಿಮ್ಮ ಹೆಸರೇನು?” ಎಂದೇ ಕೇಳಬೇಕು. ಮಂಪರಿನಲ್ಲಿರುವ ರೋಗಿ ಯಾವ ಹೆಸರಿಗೂ ‘ಹೂಂ’ ಎಂದುಬಿಡಬಹುದು. ಡಾಕ್ಟರು ಫೋನಿನಲ್ಲಿ ಹೇಳಿದ ಪ್ರಮಾಣವನ್ನು ಬರೆದುಕೊಂಡು ಅವರಿಗೇ ಓದಿ ಹೇಳಬೇಕು. ಇನ್ಸುಲಿನ್ ತೆಗೆದುಕೊಳ್ಳುವ ಕ್ರಮ ವಿವರಿಸಿದ ಮೇಲೆ “ಗೊತ್ತಾಯಿತಾ?” ಎಂದರೆ ಸಾಲದು. ಮನೆಗೆ ಹೋಗಿ ಹೇಗೆ ಮಾಡುತ್ತೀರಿ ಎಂದು ರೋಗಿಯ ಬಾಯಿಂದಲೇ ಹೇಳಿಸಬೇಕು.

ಪಾಳಿ ಬದಲಾಗುವ ಹೊತ್ತು ಇನ್ನೂ ನಾಜೂಕು. ರಾತ್ರಿಯ ಸಿಸ್ಟರ್ ಹೇಳಲು ಮರೆತ ಒಂದು ಮಾತು ಬೆಳಿಗ್ಗೆ ರೋಗಿಗೆ ಅಪಾಯ ತರಬಹುದು. ಅದಕ್ಕಾಗಿ ಜಗತ್ತಿನ ಹಲವು ಆಸ್ಪತ್ರೆಗಳು ‘ಎಸ್‌ಬಾರ್’ ಎಂಬ ಕ್ರಮ ಅನುಸರಿಸುತ್ತವೆ. ಈಗಿನ ಸ್ಥಿತಿ, ಹಿನ್ನೆಲೆ, ತನ್ನ ಅಂದಾಜು, ಆಗಬೇಕಾದ್ದೇನು—ಈ ನಾಲ್ಕನ್ನು ಇದೇ ಸಾಲಿನಲ್ಲಿ ಹೇಳುವುದು ಅದರ ನಿಯಮ. ಅಮೆರಿಕದ ನೌಕಾದಳದ ಅಣುಶಕ್ತಿ ಜಲಾಂತರ್ಗಾಮಿಗಳಲ್ಲಿ ಬಳಕೆಯಲ್ಲಿದ್ದ ಈ ಪದ್ಧತಿಯನ್ನು ಅಲ್ಲಿನ ಕೈಸರ್ ಪರ್ಮನೆಂಟೆ ಸಂಸ್ಥೆ ಆಸ್ಪತ್ರೆಗೆ ಒಗ್ಗಿಸಿತು. ಹಿರಿಯ ಡಾಕ್ಟರ ಮುಂದೆ ಬಾಯಿ ಬಿಡಲು ಅಂಜುವ ಕಿರಿಯ ನರ್ಸಿಗೂ “ನನ್ನ ಅಂದಾಜು ಹೀಗಿದೆ” ಎನ್ನಲು ಇಲ್ಲಿ ಅವಕಾಶವಿದೆ.

ಆದರೆ ಹೀಗೆ ಮಾತಾಡಲು ವ್ಯವಧಾನ ಬೇಕಲ್ಲ? ಬೋಧನಾ ಆಸ್ಪತ್ರೆಗಳಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು, ರಜೆಯ ಬದಲಿಗೆಂದು ಇನ್ನೂ ಶೇ. 30ರಷ್ಟು ಮಂದಿ ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕ. ತುಂಬಿದ ಸರ್ಕಾರಿ ವಾರ್ಡಿಗೆ ಹೋಗಿಬಂದವರಿಗೆ ಈ ಲೆಕ್ಕ ಎಷ್ಟರಮಟ್ಟಿಗೆ ಕಾಗದದಲ್ಲೇ ಉಳಿದಿದೆ ಎಂದು ಹೇಳಿಕೊಡಬೇಕಿಲ್ಲ. ಸಂಬಳಕ್ಕಾಗಿ ಮುಖದ ಮೇಲೆ ಸಮಾಧಾನ ತಂದುಕೊಂಡು ಒಳಗಿನ ಸಂಕಟ ನುಂಗುವ ದುಡಿಮೆಯನ್ನು ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶೀಲ್ಡ್ 1983ರಲ್ಲೇ ವಿವರಿಸಿದ್ದರು. ಅಂಥ ಒತ್ತಡ ವರ್ಷಗಟ್ಟಲೆ ಇಳಿಯದಿದ್ದರೆ ಮನುಷ್ಯ ಬಸವಳಿಯುತ್ತಾನೆ, ಕೆಲಸದ ಮೇಲೆ ಜಿಗುಪ್ಸೆ ಹುಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಈ ‘ಬರ್ನ್‌ಔಟ್’ ಅನ್ನು ರೋಗವೆಂದು ಕರೆಯಲಿಲ್ಲ, ದುಡಿಮೆಯ ಜಾಗದಿಂದ ಹುಟ್ಟುವ ಸ್ಥಿತಿ ಎಂದಿತು. ಪರಿಹಾರವನ್ನೂ ಅಲ್ಲೇ ಹುಡುಕಬೇಕು. ಹದಿನೈದು ನಿಮಿಷದ ಧ್ಯಾನ ಒಳ್ಳೆಯದೇ. ಅದರಿಂದ ಖಾಲಿ ಹುದ್ದೆ ಭರ್ತಿಯಾಗುವುದಿಲ್ಲ.

ಮುಂಬಯಿಯ ನರ್ಸುಗಳ ಮಾತು ಬಂದಾಗ ಕನ್ನಡಿಗರು ಮರೆಯಲಾಗದ ಹೆಸರೊಂದಿದೆ. ಹೊನ್ನಾವರ ತಾಲೂಕಿನ ಹಳದೀಪುರದಿಂದ ಬಂದು ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅರುಣಾ ಶಾನಭಾಗ್ 1973ರ ನವೆಂಬರ್ 27ರಂದು ಅಲ್ಲಿನ ನೌಕರನೊಬ್ಬನ ಕ್ರೌರ್ಯಕ್ಕೆ ತುತ್ತಾದರು. ಮಿದುಳಿಗೆ ಪೆಟ್ಟಾಗಿ ಮಾತು ನಿಂತಿತು. ರಕ್ಷಣೆ ಬೇಕೆಂದು ನಗರದ ನರ್ಸುಗಳು ಮುಷ್ಕರ ಹೂಡಿದರು. ಆಮೇಲೆ 2015ರ ಮೇ 18ರಂದು ಅವರು ತೀರಿಕೊಳ್ಳುವವರೆಗೆ ಕೆಇಎಂ ನರ್ಸುಗಳೇ ತಲೆಮಾರಿನಿಂದ ತಲೆಮಾರಿಗೆ ಅವರನ್ನು ನೋಡಿಕೊಂಡರು. ಅವರ ಮುಖಭಾವದಿಂದ, ದನಿಯಿಂದ ಇಷ್ಟಾನಿಷ್ಟ ತಿಳಿಯುತ್ತಿದ್ದರು. ಅಷ್ಟು ವರ್ಷ ಹಾಸಿಗೆಯಲ್ಲಿದ್ದರೂ ಒಂದು ಹಾಸಿಗೆಹುಣ್ಣೂ ಆಗಲಿಲ್ಲವೆಂದು ಅವರಿಗೆ ದಯಾಮರಣ ಕೋರಿದ ಅರ್ಜಿಯ ಮೇಲಿನ 2011ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಮೆಚ್ಚಿ ಬರೆಯಿತು. ಅರುಣಾ ಪರವಾಗಿ ತೀರ್ಮಾನ ಹೇಳುವ ಹಕ್ಕು ಆ ಸಿಬ್ಬಂದಿಯದೇ ಎಂದಿತು.

ಒಂದೇ ಪ್ರಕರಣದಲ್ಲಿ ಎರಡು ಸಂಗತಿಗಳಿವೆ. ಮಾತಿಲ್ಲದವರ ಮನಸ್ಸನ್ನೂ ಓದಬಲ್ಲ ಕಸುಬು ಇದು. ಆ ಕಸುಬಿನವರಿಗೆ ದುಡಿಯುವ ಜಾಗದಲ್ಲೇ ರಕ್ಷಣೆ ಇರಲಿಲ್ಲ. ಆಸ್ಪತ್ರೆಯಲ್ಲಿ ಹಲ್ಲೆ ಮಾಡಿದವರಿಗೆ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ ವಿಧಿಸುವ ಕಾನೂನು ಮಹಾರಾಷ್ಟ್ರದಲ್ಲಿ 2010ರಲ್ಲಿ ಬಂತು. ಅಪಾಯ ಒಂದು ರಾಜ್ಯದ್ದಲ್ಲ: ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ವೈದ್ಯೆಯ ಹತ್ಯೆಯಾದ ಮೇಲೆ, 2024ರ ಆಗಸ್ಟಿನಲ್ಲಿ, ಆರೋಗ್ಯ ಸಿಬ್ಬಂದಿಯ ಸುರಕ್ಷತೆಗೆಂದು ಸುಪ್ರೀಂ ಕೋರ್ಟು ರಾಷ್ಟ್ರೀಯ ಕಾರ್ಯಪಡೆ ನೇಮಿಸಬೇಕಾಯಿತು.

ಹುದ್ದೆ ತುಂಬುವುದು, ರಾತ್ರಿ ಪಾಳಿಯವರಿಗೆ ಬೀಗವಿರುವ ಕೋಣೆ, ಕಾವಲು ಒದಗಿಸುವುದು ಆಡಳಿತದ ಹೊಣೆ. ರೋಗಿಯ ಕಡೆಯವರು ಮಾಡಬಹುದಾದದ್ದೂ ಇದೆ: ಪಾಳಿ ಬದಲಾಗುವಾಗ, ತುರ್ತು ಇಲ್ಲದಿದ್ದರೆ, ನರ್ಸನ್ನು ತಡೆಯಬೇಡಿ. ಮೂರು ಸಲ ಹೆಸರು ಕೇಳಿದರೆ ಮೂರು ಸಲವೂ ಹೇಳಿ. ಅರ್ಥವಾಗದ್ದನ್ನು ನಿಮ್ಮ ಭಾಷೆಯಲ್ಲೇ ಮತ್ತೆ ಕೇಳಿ.